ಅಪ್ಪನ ಚೀನಾ, ಕಾಕಾನ ಜಪಾನು

ನನಗೆ ಪತ್ರಿಕೆಯನ್ನು ಮನಸ್ಸಿನಲ್ಲೇ ಓದಿಕೊಳ್ಳಲು ಬರುವುದಿಲ್ಲ. ಕೈಗೆ ಪತ್ರಿಕೆ ಬಂದಿತೆಂದರೆ ಬಾಯಿ ತಾನಾಗಿ ತೆರೆಯುತ್ತದೆ, ದನಿ ತಾನಾಗಿ ಏರುತ್ತದೆ. ಮದುವೆಯಾದ ಹೊಸತರಲ್ಲಿ ಒಮ್ಮೆ ನನ್ನ ಹೆಂಡತಿ, ಪಡಸಾಲೆಗೆ ಯಾರೋ ಜಗಳಕ್ಕೆ ಬಂದಿದ್ದಾರೆಂದು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಂದು ನೋಡಿದರೆ ನಾನೊಬ್ಬನೇ ಕುಳಿತು, ಎದುರಿನ ಕಂಬಕ್ಕೆ ಹತ್ತಿಯ ಧಾರಣೆ ಓದಿ ಹೇಳುತ್ತಿದ್ದೆ. ಇದೇನೂ ಹುಟ್ಟಿನಿಂದ ಬಂದ ಗುಣವಲ್ಲ. ಚೀನಾಕ್ಕೂ ಜಪಾನಿಗೂ ಯುದ್ಧ ಹತ್ತಿದಾಗ ನನಗೆ ಅಂಟಿದ ಜಡ್ಡು ಇದು. ಆ ಯುದ್ಧದಲ್ಲಿ ಪೆಟ್ಟು ತಿಂದವರ ಯಾದಿಯನ್ನು ಯಾರಾದರೂ ಮಾಡುವುದಿದ್ದರೆ, ಎಲ್ಲರಿಗಿಂತ ಕೆಳಗಾದರೂ ಸರಿ, ನನ್ನ ಗಂಟಲಿನ ಹೆಸರನ್ನೂ ಸೇರಿಸಬೇಕೆಂದು ನನ್ನ ವಿನಂತಿ.

ಆಗ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ನೌಕರಿ ಸಿಗದೆ, ತಿಳವಳ್ಳಿಯ ನಮ್ಮ ಮನೆಯಲ್ಲಿ ಉಂಡು ಮಲಗುವ ಘನವಾದ ಉದ್ಯೋಗದಲ್ಲಿದ್ದೆ. ಊರಿಗೆ ಬರುತ್ತಿದ್ದುದು ಒಂದೇ ಪತ್ರಿಕೆ. ಅದು ಹುಬ್ಬಳ್ಳಿಯಲ್ಲಿ ಮೋಟಾರು ಹತ್ತಿ, ಬಂಕಾಪುರದಲ್ಲಿ ಧೂಳು ಕುಡಿದು, ಹಾನಗಲ್ಲಿನಲ್ಲಿ ಒಬ್ಬಿಬ್ಬರಿಂದ ಓದಿಸಿಕೊಂಡು, ಅಕ್ಕಿಆಲೂರಿನಲ್ಲಿ ಇಳಿದು, ಯಾರದೋ ಚೀಲದಲ್ಲಿ ಎಲೆ ಅಡಿಕೆಯ ಜೊತೆ ನಮ್ಮೂರ ಕಟ್ಟೆ ಮುಟ್ಟುವಷ್ಟರಲ್ಲಿ ಎರಡು ದಿನ ಹಳೆಯದಾಗಿರುತ್ತಿತ್ತು. ಅಷ್ಟರಲ್ಲಿ ಚೀನಾದ ಯಾವುದೋ ಊರು ಬಿದ್ದುಹೋಗಿದ್ದರೂ ನಮ್ಮ ಕಟ್ಟೆಯ ಮೇಲೆ ಅದು ಇನ್ನೂ ಗಟ್ಟಿಯಾಗಿ ನಿಂತು ಕಾದುತ್ತಿತ್ತು. ಓದಲು ಬರುವವರು ಊರಲ್ಲಿ ಬೇರೆಯವರೂ ಇದ್ದರು. ಆದರೆ ಕಟ್ಟೆಯಿಂದ ಬಾವಿಯವರೆಗೆ ಕೇಳಿಸುವ ದನಿ ನನ್ನೊಬ್ಬನದೇ ಆಗಿದ್ದರಿಂದ ಆ ಹುದ್ದೆ ನನಗೆ ಬಂತು.

ನಮ್ಮ ಕಡೆಯವರಿಗೆ ಒಂದು ಅಭ್ಯಾಸವಿದೆ. ಹರದೇಶಿ-ನಾಗೇಶಿಯ ಹಾಡಿಕೆ ಕೇಳಿ ಕೇಳಿ ಬೆಳೆದವರು ನಾವು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳದವರು ಡಪ್ಪು ಬಡಿದು ಹಾಡಿ ವಾದಿಸುತ್ತಿದ್ದರೆ, ಕೇಳುವವನೂ ಯಾವುದಾದರೊಂದು ಕಡೆಗೆ ಕೂಡಲೇಬೇಕು. ನಡುವೆ ಕೂತವನನ್ನು ನಿದ್ದೆ ಬಂದವನೆಂದು ತಿಳಿಯುತ್ತಾರೆ. ಹೀಗಿರುವಾಗ ಎರಡು ದೇಶಗಳು ಬಡಿದಾಡುತ್ತಿವೆ ಎಂದು ನಾನು ಓದಿದ ಮೊದಲ ದಿನವೇ ಕಟ್ಟೆ ನಡುವೆ ಸೀಳಿ ಎರಡಾಯಿತು. ಯಾಕೆ ಬಡಿದಾಡುತ್ತಿವೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಜಾಗ ಹಿಡಿಯುವ ಗಡಿಬಿಡಿ.

ಚೀನಾದ ಮೇಳಕ್ಕೆ ನಮ್ಮಪ್ಪ ಮುಖ್ಯ. ಅಪ್ಪನ ಚೀನಾ ಪ್ರೀತಿಗೆ ಭದ್ರವಾದ ಆಧಾರವಿತ್ತು. ಹಿಂದೊಮ್ಮೆ ಸೈಕಲ್ಲಿನ ಹಿಂದೆ ರೇಷ್ಮೆಯ ಗಂಟು ಕಟ್ಟಿಕೊಂಡು ಮಾರುತ್ತ ಬಂದ ಒಬ್ಬ ಚೀನಾದವನು ನಮ್ಮ ಮನೆಯ ಮುಂದೆ ನೀರು ಕೇಳಿ ಕುಡಿದು, ಅಪ್ಪನಿಗೆ ಬಾಗಿ ನಮಸ್ಕಾರ ಮಾಡಿ ಹೋಗಿದ್ದ. ನಮ್ಮಪ್ಪನಿಗೆ ಅಷ್ಟು ಬಾಗಿ ಯಾರೂ ನಮಸ್ಕಾರ ಮಾಡಿರಲಿಲ್ಲ, ನಾನಂತೂ ಮಾಡಿರಲಿಲ್ಲ. ಜಪಾನಿನ ಮೇಳಕ್ಕೆ ಪಕ್ಕದ ಮನೆಯ ಫಕೀರಪ್ಪ ಕಾಕಾ ಮುಖ್ಯ. ಆತನ ಆಧಾರ ಇನ್ನೂ ಭದ್ರ, ಯಾಕೆಂದರೆ ಅದು ಆತನ ಕೈಯಲ್ಲೇ ಇತ್ತು: ಒಂದು ಜಪಾನಿ ಬ್ಯಾಟರಿ. ಗುಂಡಿ ಒತ್ತಿದರೆ ಬೆಳಕು, ಬಿಟ್ಟರೆ ಕತ್ತಲೆ. ಹಾಡುಹಗಲಲ್ಲೂ ಅದನ್ನು ನಮ್ಮ ಮಾರಿಯ ಮೇಲೆ ಬಿಟ್ಟು, "ಇಂಥಾದ್ದು ಮಾಡಿದ ಮಂದಿ ಸೋಲ್ತಾರೇನೋ?" ಎನ್ನುತ್ತಿದ್ದ. ಕಣ್ಣು ಕುಕ್ಕಿಸಿಕೊಂಡವರಿಗೆ ಹೌದೆನ್ನಲು ಆಗುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ಯುದ್ಧಗಳು ಆಗಿಲ್ಲವೆಂದೇನೂ ಅಲ್ಲ. ಹಾನಗಲ್ಲಿನ ಸುತ್ತ ಯಾವ ಕೆರೆಯ ಏರಿ ಹತ್ತಿದರೂ ಒಂದು ವೀರಗಲ್ಲು ಕಾಲಿಗೆ ತಾಗುತ್ತದೆ. ಆಗಿನವರು, ವೈರಿಗಳು ದನ ಹೊಡೆದುಕೊಂಡು ಹೋದರೆಂದು ಕಾದಿ ಸತ್ತವರು. ಕಲ್ಲಿನ ಕೆಳಗಿನ ಸಾಲಿನಲ್ಲಿ ವೀರ ಕಾದುತ್ತಾನೆ, ನಡುವಿನ ಸಾಲಿನಲ್ಲಿ ಅಪ್ಸರೆಯರು ಕರೆದೊಯ್ಯುತ್ತಾರೆ, ಮೇಲಿನ ಸಾಲಿನಲ್ಲಿ ಶಿವನ ಮುಂದೆ ಕುಳಿತಿರುತ್ತಾನೆ. ಅಂಥ ಎಷ್ಟೋ ಕಲ್ಲುಗಳನ್ನು ನಾನು ಬಗ್ಗಿ ನೋಡಿದ್ದೇನೆ. ಆ ಕಾಳಗ ಸರಿಯೋ ತಪ್ಪೋ ಎಂದು ಕಟ್ಟೆಯ ಮೇಲೆ ಕುಳಿತು ಎಲೆ ಮೆಲ್ಲುತ್ತ ವಾದಿಸಿದವರಿಗೆ ಮಾತ್ರ ಯಾವ ಕಲ್ಲಿನಲ್ಲೂ ಜಾಗ ಕೊಟ್ಟಿಲ್ಲ. ನಮ್ಮ ಶಿಲ್ಪಿಗಳ ಕಡೆಯಿಂದ ಇದೊಂದು ದೊಡ್ಡ ಅನ್ಯಾಯ, ಯಾಕೆಂದರೆ ಕಾದಿದವನು ಒಂದು ಹೊತ್ತು ಕಾದಿರುತ್ತಾನೆ, ವಾದಿಸಿದವನು ವರ್ಷಗಟ್ಟಲೆ ವಾದಿಸಿರುತ್ತಾನೆ.

ಇಷ್ಟಾದರೂ ಇದು ಕಟ್ಟೆಯ ಮೇಲಿನ ಮಾತಾಗಿಯೇ ಉಳಿಯಬಹುದಿತ್ತು. ಉಳಿಯಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಇದ್ದುದು ಒಂದೇ ಎತ್ತು. ಕಾಕಾನ ಮನೆಯಲ್ಲೂ ಒಂದೇ. ನಮ್ಮದನ್ನು ಎಡಕ್ಕೂ ಅವರದನ್ನು ಬಲಕ್ಕೂ ಕಟ್ಟಿ, ಒಂದೇ ಕೂರಿಗೆಯಿಂದ ಮೊದಲು ಅವರ ಹೊಲ, ಆಮೇಲೆ ನಮ್ಮ ಹೊಲ ಬಿತ್ತುವುದು ನನ್ನ ಅಜ್ಜನ ಕಾಲದಿಂದ ಬಂದ ರೂಢಿ. ನಮ್ಮ ಹೊಲದಲ್ಲಿ ಅಪ್ಪ ಎತ್ತು ಹೊಡೆಯುತ್ತಿದ್ದ, ಅವ್ವ ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಭತ್ತ ಬಿಡುತ್ತಿದ್ದಳು. ಅವರ ಹೊಲದಲ್ಲಿ ಕಾಕಾ ಮತ್ತು ಆತನ ಹೆಂಡತಿ ನೀಲವ್ವ ಕಾಕು. ಹೊಲಗಳ ನಡುವೆ ಇದ್ದುದು ಒಂದು ಬದುವು ಮಾತ್ರ.

ಆ ಬೇಸಿಗೆಯಲ್ಲಿ ಜಪಾನಿ ಮಾಲು ಬಿಡಿರೆಂದು ಸಭೆಗಳಲ್ಲಿ ಹೇಳತೊಡಗಿದ್ದರು. ಅಪ್ಪ ಅದನ್ನು ಕೇಳಿ ಬಂದವನೇ, ಬ್ಯಾಟರಿಯನ್ನು ಬಾವಿಗೆ ಒಗೆಯಬೇಕೆಂದು ಕಾಕಾನಿಗೆ ಹೇಳಿದ. ಆಗ ಕಾಕಾ ನಮ್ಮ ಪಡಸಾಲೆಯಲ್ಲಿ ಚೀನೀ ಮಣ್ಣಿನ ಕಪ್ಪಿನಿಂದ ಬಸಿಗೆ ಸುರಿದುಕೊಂಡು ಚಹಾ ಕುಡಿಯುತ್ತಿದ್ದ. "ಹಂಗಾರ ನೀ ಮದ್ಲ ಈ ಚೀನೀ ಕಪ್ಪು ಬಸಿ ಒಡಿಯಲೇ, ಆಮ್ಯಾಲೆ ನಾ ಬ್ಯಾಟರಿ ಒಗೀತೇನಿ" ಎಂದ. ಆ ಕಪ್ಪಿನ ಅಂಡಿನ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಜಪಾನಿನಲ್ಲಿ ಮಾಡಿದ್ದು ಎಂದು ಬರೆದದ್ದನ್ನು ನಾನು ಓದಿದ್ದೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇಬ್ಬರೂ ಎದ್ದು ನಿಂತಿದ್ದರು, ಅವರ ಸಿಟ್ಟಿನ ದನಿಯ ಮುಂದೆ ಬಾವಿಯವರೆಗೆ ಕೇಳಿಸುವ ನನ್ನ ದನಿಯೂ ಏನೂ ಅಲ್ಲ.

"ನಿನ್ನ ಎತ್ತಿನ ಜೋಡಿ ನನ್ನ ಎತ್ತು ಕಟ್ಟಂಗಿಲ್ಲ, ತಿಳಕೋ!" ಎಂದ ಅಪ್ಪ.

"ಕಟ್ಟಂತ ಯಾರ್ ಬೇಡ್ಯಾರೋ?" ಎಂದು ಕಾಕಾ ಚಹಾವನ್ನು ಅರ್ಧಕ್ಕೆ ಬಿಟ್ಟು ಹೋದ. ಕಾಕಾ ಚಹಾ ಅರ್ಧಕ್ಕೆ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ವಿಷಯ ಕೈಮೀರಿತೆಂದು ನನಗೆ ಆಗ ಗೊತ್ತಾಯಿತು.

ರೋಹಿಣಿ ಮಳೆ ಆ ವರ್ಷ ಚೊಲೋ ಬಂತು. ಊರಿಗೆ ಊರೇ ಕೂರಿಗೆ ಹೊತ್ತು ಹೊಲಕ್ಕೆ ಹೋಯಿತು. ನಮ್ಮ ಎತ್ತು ಮೇವಿನ ಗ್ವಾದಲಿಯ ಮುಂದೆ ನಿಂತು ಮೆಲುಕು ಹಾಕುತ್ತಿತ್ತು, ಅವರದು ಅವರ ಗ್ವಾದಲಿಯ ಮುಂದೆ. ಬಾಡಿಗೆಗೆ ತರೋಣವೆಂದರೆ ಬಿತ್ತಿಗೆಯ ಹೊತ್ತಿನಲ್ಲಿ ಎತ್ತು ಯಾರು ಕೊಡುತ್ತಾರೆ? ಹೊಲದ ಹದ ಆರುತ್ತ ಬಂತು. ಅವ್ವ ದಿನಾ ಹೋಗಿ ಒಂದು ಹಿಡಿ ಮಣ್ಣು ಹಿಚುಕಿ ನೋಡಿ ಬರುತ್ತಿದ್ದಳು. ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು. ಆ ವರ್ಷ ಬಿತ್ತದಿದ್ದರೆ ಅನ್ನಕ್ಕೆ ಏನು ಎಂಬುದು ನನಗೂ ತಿಳಿಯುತ್ತಿತ್ತು. ಖರೇ ಹೇಳುತ್ತೇನೆ, ನನಗೆ ಅಂಜಿಕೆ ಬಂದಿತ್ತು.

ಕಡೆಗೆ ಕಟ್ಟೆಯ ಹಿರಿಯರು ನಡುವೆ ಬಿದ್ದು ಜಗಳ ಬಗೆಹರಿಸಲು ಒಂದು ತೋಡು ತೆಗೆದರು. ಆಗ ಚೀನಾದ ಯಾವುದೋ ಊರಿಗೆ ಜಪಾನಿನವರು ಮುತ್ತಿಗೆ ಹಾಕಿದ್ದರು. ಆ ಊರಿನ ಹೆಸರನ್ನು ನಾನು ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ಓದಿದ್ದೆ. ಊರು ಬಿದ್ದಿದ್ದರೆ ಅಪ್ಪ ಸೋತ, ಬಿದ್ದಿಲ್ಲವಾದರೆ ಕಾಕಾ ಸೋತ. ಸೋತವನು ತನ್ನ ಎತ್ತನ್ನು ತಾನೇ ಹಿಡಿದುಕೊಂಡು ಹೋಗಿ ಗೆದ್ದವನ ಬಾಗಿಲಲ್ಲಿ ಕಟ್ಟಬೇಕು, ಆಮೇಲೆ ಮೊದಲಿನ ಹಾಗೆ ಎರಡೂ ಹೊಲ ಬಿತ್ತಬೇಕು. ಇಬ್ಬರೂ ಒಪ್ಪಿದರು. ಪತ್ರಿಕೆ ಇಲ್ಲಿಗೆ ಬರುವವರೆಗೆ ಕಾಯಲು ಇಬ್ಬರಿಗೂ ತಡೆಯದೆ, ಮರುದಿನ ಅಕ್ಕಿಆಲೂರಿಗೇ ಹೋಗಿ ಮೋಟಾರಿನಿಂದ ಇಳಿಯುವ ಪತ್ರಿಕೆಯನ್ನು ಹಿಡಿಯುವುದೆಂದಾಯಿತು. ಓದಲು ನಾನು.

ಬೆಳಿಗ್ಗೆ ಹೊರಡುವಾಗ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಅಲ್ಲಿ ನೀಲವ್ವ ಕಾಕುವೂ ನಿಂತಿದ್ದಳು.

"ತಮ್ಮಾ, ನೀ ನಿಧಾನ ಓದು. ಹೊತ್ತು ಇಳಿಯೂತನಾ ಇಬ್ಬರೂ ಊರ ಕಡೆ ಮಾರಿ ಮಾಡಬಾರದು. ಪೇಪರ ಮುಗದ್ರ ತಿರುಗಿ ಮದ್ಲಿಂದ ಓದು" ಎಂದಳು ಅವ್ವ.

"ಯಾಕವ್ವಾ?"

"ನಿನಗ್ಯಾಕ ಬೇಕದು? ನೀ ಓದಾಂವ, ಓದು."

ಅಂದು ಅಕ್ಕಿಆಲೂರಿನಲ್ಲಿ ಸಂತೆ. ಮೋಟಾರು ಬಂದಾಗ ಮಧ್ಯಾಹ್ನವಾಗಿತ್ತು. ಚಹಾದಂಗಡಿಯಲ್ಲಿ ಮಂದಿ ಕೂರುವ ಬಾಕಿನ ಮೇಲೆ ನಿಂತು ಓದಿದೆ: ಊರು ತಮ್ಮ ಕೈಸೇರಿತೆಂದು ಜಪಾನಿನವರು ಹೇಳುತ್ತಾರೆ, ಊರು ಇನ್ನೂ ತಮ್ಮ ಕೈಯಲ್ಲೇ ಇದೆಯೆಂದು ಚೀನಾದವರು ಹೇಳುತ್ತಾರೆ. ಅಪ್ಪನೂ ಕಾಕಾನೂ ಏಕಕಾಲಕ್ಕೆ ತೊಡೆ ತಟ್ಟಿದರು. ಸುತ್ತ ಮಂದಿ ಕೂಡಿತು. ಶಿಗ್ಗಾವಿಯ ಕಡೆಯ ಒಬ್ಬ ಕುರಿ ವ್ಯಾಪಾರಿ, ಈ ಎರಡು ದೇಶ ಎಲ್ಲಿವೆ ಎಂದು ಕೇಳಿದ. ಹಿರೇಕೆರೂರಿನ ಭತ್ತದ ದಲಾಲನೊಬ್ಬ ನೆಲದ ಮೇಲೆ ಭತ್ತ ಹರಡಿ ಚೀನಾ ಮಾಡಿದ, ನಾಲ್ಕು ಒಣಮೆಣಸಿನಕಾಯಿ ಇಟ್ಟು ಜಪಾನು ಮಾಡಿದ. ನಕಾಶೆ ತಯಾರಾಗುವುದೇ ತಡ, ಎಲ್ಲಿಂದಲೋ ಒಂದು ಕೋಳಿ ಬಂದು ಚೀನಾದ ಪಶ್ಚಿಮ ಭಾಗವನ್ನು ತಿನ್ನತೊಡಗಿತು. ಅಪ್ಪ ಚಪ್ಪಲಿ ಹಿಡಿದು ಅದರ ಬೆನ್ನು ಹತ್ತಿದ. "ನೋಡ್ರಪಾ, ಕೋಳಿ ಸುದ್ದಾ ಜಪಾನ ಮುಟ್ಟವಲ್ದು!" ಎಂದು ಕಾಕಾ ಕುಣಿದಾಡಿದ. ಇಷ್ಟರಲ್ಲಿ ಸವಣೂರಿನ ಎಲೆ ಮಾರುವವನೊಬ್ಬ, "ನಮ್ದು ನವಾಬ್ ಸಾಹೇಬರ ಸೀಮಿ, ನಾವು ಯಾರ ಕಡೀಗೂ ಇಲ್ರಿ" ಎನ್ನುತ್ತ ಎರಡೂ ಕಡೆಯವರಿಗೆ ಎಲೆ ಮಾರಿ ಬುಟ್ಟಿ ಖಾಲಿ ಮಾಡಿದ. ಆ ಯುದ್ಧದಲ್ಲಿ ಲಾಭ ಮಾಡಿಕೊಂಡವನನ್ನು ನಾನು ಕಣ್ಣಾರೆ ಕಂಡದ್ದು ಅವನೊಬ್ಬನನ್ನೇ.

ವಾದ ತಣ್ಣಗಾದಾಗಲೆಲ್ಲ ನಾನು ಅವ್ವನ ಮಾತು ನೆನೆದು ಮತ್ತೆ ಬಾಕಿನ ಮೇಲೆ ಹತ್ತಿದೆ. ಯುದ್ಧದ ಸುದ್ದಿ ತೀರಿತು. ಹತ್ತಿಯ ಧಾರಣೆ ಓದಿದೆ. ಹೊಲ ಮನೆ ಹರಾಜಿಗೆ ಬಂದ ಕೋರ್ಟಿನ ಲಿಲಾವು ಓದಿದೆ. ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತನ್ನು ಫಿರಂಗಿಯ ದನಿಯಲ್ಲಿ ಓದಿದೆ. ಕೂದಲು ಉದುರುವ ಮಾತು ಬಂದಾಗ ಕೆಲವರು, ಇದರ ಒಳಗೇನೋ ಮಸಲತ್ತಿದೆ ಎಂದು ತಲೆ ತೂಗಿದರು. ಹೊತ್ತು ಇಳಿಯುವಾಗ ನನ್ನ ಗಂಟಲು ಹರಿದಿತ್ತು, ಊರು ಬಿದ್ದದ್ದೂ ಇತ್ಯರ್ಥವಾಗಿರಲಿಲ್ಲ, ನಿಂತದ್ದೂ ಇತ್ಯರ್ಥವಾಗಿರಲಿಲ್ಲ.

ತಿಳವಳ್ಳಿಗೆ ಹೊರಟ ಒಂದು ಖಾಲಿ ಚಕ್ಕಡಿ ಸಿಕ್ಕಿತು. ಅಪ್ಪ ಮುಂದಿನ ತುದಿಯಲ್ಲಿ, ಕಾಕಾ ಹಿಂದಿನ ತುದಿಯಲ್ಲಿ, ಒಬ್ಬರ ಕಡೆಗೊಬ್ಬರು ಬೆನ್ನು ಮಾಡಿ ಕುಳಿತರು. ನಡುವೆ ಬದುವಿನ ಹಾಗೆ ನಾನು. ಇನ್ನೂ ಬೆಳಕಿರುವಾಗಲೇ ನಮ್ಮ ಹೊಲ ಬಂತು. ನೋಡುತ್ತೇವೆ, ಬದುವಿನ ಈಚೆಗೂ ಆಚೆಗೂ ಹೊಸ ಮಣ್ಣು ಎದ್ದು, ಕೂರಿಗೆಯ ಸಾಲುಗಳು ಹರಿದಿವೆ. ಎರಡೂ ಹೊಲ ಬಿತ್ತಿ ಮುಗಿದಿದ್ದವು.

ಅಪ್ಪ ಚಕ್ಕಡಿಯಿಂದ ಬಗ್ಗಿ ನೋಡಿದ, ಕಾಕಾನೂ ಬಗ್ಗಿ ನೋಡಿದ. ಆಮೇಲೆ ಅಪ್ಪ ನನ್ನ ಕಿವಿಗೆ ಬಾಯಿ ಹಚ್ಚಿ, "ತಿಳೀತೇನು? ನಿಮ್ಮ ಕಾಕಾ ಸೋಲ್ತೇನಿ ಅನ್ನೂದು ಗೊತ್ತಾಗಿ, ಮುಂಜಾನಿನ ಸುಮ್ಮನ ಎತ್ತು ಕೊಟ್ಟು ಬಂದಾನ. ಪಾಪ, ಮಂದಿ ಮುಂದ ಹೇಳಾಕ ನಾಚಿಕಿ" ಎಂದ. ಸ್ವಲ್ಪ ಹೊತ್ತಿನಲ್ಲೇ ಕಾಕಾ ನನ್ನ ಅಂಗಿಯ ತುದಿ ಎಳೆದು, "ನಿಮ್ಮಪ್ಪ ಹಟಮಾರಿ ಖರೆ, ಮನಸು ಚೊಲೋ ಐತಿ ನೋಡು. ಮೊದಲ ಎತ್ತು ಕಳಿಸಿಟ್ಟಾನ. ಏನೂ ಅನ್ನಬ್ಯಾಡ ಅವಗ" ಎಂದ. ನಾನು ಎರಡೂ ಕಡೆಗೆ ಗೋಣು ಹಾಕಿದೆ. ಮನೆ ಮುಟ್ಟಿದ ಮೇಲೆ ಅಪ್ಪ ಕೇಳಿದ್ದಕ್ಕೆ ಅವ್ವ, "ಅವರ ಎತ್ತು ಬಂತು, ಬಿತ್ತಿದ್ವಿ" ಎಂದಳಂತೆ. ಕಾಕು ಕೂಡ ಆಚೆ ಮನೆಯಲ್ಲಿ ಇದೇ ಮಾತು ಹೇಳಿದಳಂತೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕೂರಿಗೆ ಹೊಡೆದವರು ಯಾರು ಎಂದು ಇಬ್ಬರೂ ಕೇಳಲಿಲ್ಲ, ಗೆದ್ದವರು ಅಂಥ ಸಣ್ಣ ಸಂಗತಿಗಳನ್ನು ವಿಚಾರಿಸುವುದಿಲ್ಲ. ಹೊಡೆದವಳು ನೀಲವ್ವ ಕಾಕು.

ಮರುದಿನದಿಂದ ಕಟ್ಟೆಯ ಮೇಲೆ ಎಂಥ ಔದಾರ್ಯ! "ಎಷ್ಟಂದ್ರೂ ಜಪಾನಿನವರೂ ಮನಿಷ್ಯಾರಪಾ" ಎಂದು ಅಪ್ಪ. "ಛೇ ಛೇ, ಚೀನಾ ಹಳೇ ಮಂದಿ, ಮರ್ಯಾದಿಯವರು" ಎಂದು ಕಾಕಾ. ಸೋತವನ ಮನಸ್ಸು ನೋಯಬಾರದೆಂದು ಗೆದ್ದವರಿಬ್ಬರೂ ಪೈಪೋಟಿಯಿಂದ ಬಿಟ್ಟುಕೊಡತೊಡಗಿದರು. ಕಾಕಾ ನಮ್ಮ ಕಪ್ಪಿನಲ್ಲಿ ಚಹಾ ಕುಡಿದ, ಅಪ್ಪ ಬ್ಯಾಟರಿಯ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದ. ಯುದ್ಧ ನಿಲ್ಲಿಸುವ ದೊಡ್ಡವರ ತಹನಾಮೆಗಳ ಸುದ್ದಿ ಓದುವಾಗ ನನಗೆ ಈಗಲೂ ಅನುಮಾನ ಬರುತ್ತದೆ, ಅಲ್ಲಿಯೂ ಒಳಮನೆಯಲ್ಲಿ ಯಾರೋ ಇಬ್ಬರು ಹೆಂಗಸರು ಇದ್ದಿರಬೇಕೆಂದು.

ಭತ್ತ ಮೊಳೆತ ಮೇಲೆ ಒಂದು ಸಂಜೆ ಹೊಲಕ್ಕೆ ಹೋದೆ. ಅವ್ವ ಮತ್ತು ಕಾಕು ಬದುವಿನ ಮೇಲೆ ನಿಂತಿದ್ದರು. ಹಸಿರು ಸಾಲುಗಳು ನೆಟ್ಟಗಿದ್ದವು, ಒಂದು ಕಡೆ ಮಾತ್ರ ಹಾವಿನಂತೆ ಸೊಟ್ಟ. "ಅಲ್ಲಿ ನಮಗ ನಗು ತಡಿಯಲಿಲ್ಲಪಾ" ಎಂದು ಕಾಕು ಮತ್ತೆ ನಕ್ಕಳು. ಅವ್ವ ನಗಲಿಲ್ಲ. ಪೈರನ್ನೇ ನೋಡುತ್ತಿದ್ದವಳು ಕೇಳಿದಳು:

"ತಮ್ಮಾ, ಆ ಚೀನಾದಾಗ ಏನ್ ಬೆಳೀತಾರೋ?"

"ಭತ್ತಾನ ಅವ್ವಾ. ನಮ್ಮಂಗ."

"ಹೌದಾ? ಮತ್ತ ಈ ಸಲ ಅಲ್ಲಿ ಬಿತ್ತಿದ್ರೇನು?"

ನಾನು ಒಂದು ದಿನವೂ ತಪ್ಪದೆ, ಬಾವಿಯವರೆಗೆ ಕೇಳಿಸುವಂತೆ ಓದಿದವನು. ಎಷ್ಟು ನೆನಪಿಸಿಕೊಂಡರೂ ಆ ಸುದ್ದಿ ಎಲ್ಲಿಯೂ ಸಿಗಲಿಲ್ಲ.

"ಪೇಪರದಾಗ ಅದು ಬಂದಿಲ್ಲವ್ವಾ" ಎಂದೆ.

ಅವ್ವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹಂಗಾರ ಇಷ್ಟು ದಿನಾ ಏನ್ ಓದಾಕತ್ತಿದ್ದೆಪಾ?" ಎಂದಳು.