ಹೊಳಬಸಪ್ಪನವರ ಅರ್ಥವೂ ಅಂಬಾಳ ಇಪ್ಪತ್ತು ಪ್ರಶ್ನೆಗಳೂ

ನಮ್ಮ ಬಿಬವೇವಾಡಿಯ ಕಟ್ಟಡದ ಎರಡನೇ ಮಹಡಿಯಲ್ಲಿರುವ ಹೊಳಬಸಪ್ಪನವರನ್ನು ಊಟವಾಯಿತೇ ಎಂದು ಕೇಳುವ ತಪ್ಪನ್ನು ನಾನು ಒಂದೇ ಸಲ ಮಾಡಿದ್ದೇನೆ. ಅವರ ಹೆಂಡತಿ ಸಾವಂತ್ರವ್ವ ಒಳಗಿನಿಂದಲೇ ಎಚ್ಚರಿಸಿದ್ದರು: "ಅವರಿಗೆ ಊಟದ್ದು ಕೇಳಬ್ಯಾಡ್ರಿ. ಜ್ವಾಳಾ ಬಿತ್ತೋದ್ರಿಂದ ಸುರು ಮಾಡ್ತಾರ."

ಎಚ್ಚರಿಕೆ ತಡವಾಗಿ ಬಂತು. ಆ ದಿನ ನಾನು ಜೋಳದ ತೆನೆ ಹಾಲು ತುಂಬುವವರೆಗೂ ಮೆಟ್ಟಿಲ ಮೇಲೆ ನಿಂತಿದ್ದೆ.

ಸಂಬಳ ಕೊಡುವವರ ಲೆಕ್ಕದಲ್ಲಿ ಹೊಳಬಸಪ್ಪನವರು ದೇಹೂ ರೋಡಿನ ಸೈನ್ಯದ ಡಿಪೋದಲ್ಲಿ ಗುಮಾಸ್ತರು. ನಾನೂ ಅದೇ ಡಿಪೋದವನು. ಬೆಳಿಗ್ಗೆ ಬಸ್ಸು ಹಿಡಿದು ಶಿವಾಜಿನಗರಕ್ಕೆ ಹೋಗಿ ಅಲ್ಲಿಂದ ಲೋಕಲ್ ರೈಲು ಹತ್ತುತ್ತಿದ್ದೆವು. ಆದರೆ ಅವರ ನಿಜವಾದ ಹುದ್ದೆ ಬೇರೆ. ಹಿಟ್ಟಿನ ಗಿರಣಿಯ ಮೇಲಿನ ಹಾಲ್‌ನಲ್ಲಿ, ಈ ಮರಾಠಿ ಊರಿಗೆ ಬಂದು ನೆಲೆಸಿದ ಬೆಳಗಾವಿ, ಧಾರವಾಡ ಕಡೆಯ ಮಂದಿ ಪ್ರತಿ ಶ್ರಾವಣಕ್ಕೂ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಬೇಕು, ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಇಪ್ಪತ್ತು ವರ್ಷದಿಂದ ಅರ್ಥ ಹೇಳುವವರು ಹೊಳಬಸಪ್ಪನವರು. ಓದುವವರು ಒಂದು ಪದ್ಯ ಓದಿ ಮನೆಗೆ ಹೋಗಿ ಸಂತೆ ಮಾಡಿಕೊಂಡು ಬಂದರೂ ಎರಡನೇ ಪದ್ಯಕ್ಕೆ ಕರೆ ಬಂದಿರುತ್ತಿರಲಿಲ್ಲ. ಒಂದು ವರ್ಷ ಪುರಾಣದ ರಾಜಕುಮಾರನೊಬ್ಬ ಮೊದಲ ಸೋಮವಾರ ಕುದುರೆ ಹತ್ತಿದವನು ಶ್ರಾವಣ ಮುಗಿದರೂ ಇಳಿದಿರಲಿಲ್ಲ. ಅವನನ್ನು ಕುದುರೆಯ ಮೇಲೆಯೇ ಬಿಟ್ಟು ನಾವು ಮಂಗಲದ ಪ್ರಸಾದ ತಿಂದೆವು.

ಇಂಥವರ ಒಬ್ಬಳೇ ಮಗಳು ಅಂಬಾ. ಅಪ್ಪನಿಗೆ ಹರ್ನಿಯಾ ಆಪರೇಶನ್ ಆದಾಗ ಅವಳು ಹತ್ತು ದಿನ ಆಸ್ಪತ್ರೆಯಲ್ಲಿ ಜೊತೆಗಿದ್ದಳು. ಬಿಳಿ ಬಟ್ಟೆಯ ಸಿಸ್ಟರ್‌ಗಳು ಹಾಸಿಗೆಯಿಂದ ಹಾಸಿಗೆಗೆ ಹೋಗುವುದನ್ನು ನೋಡಿ ಅಲ್ಲೇ ತೀರ್ಮಾನಿಸಿದಳು, ತಾನೂ ನರ್ಸ್ ಆಗಬೇಕು. ಹನ್ನೆರಡನೇ ತರಗತಿ ಒಳ್ಳೆಯ ಅಂಕದಲ್ಲಿ ಮುಗಿಯಿತು. ಆಮೇಲೆ ಬಂತು ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ. ಅದರಲ್ಲಿ ವಿಜ್ಞಾನ, ಗಣಿತ, ಮತ್ತು ಇಂಗ್ಲಿಷ್ ಓದಿನ ಒಂದು ಭಾಗ. ನಾಲ್ಕು ಗದ್ಯಭಾಗ, ಇಪ್ಪತ್ತು ಪ್ರಶ್ನೆ, ಮೂವತ್ತು ನಿಮಿಷ. ಇಪ್ಪತ್ತರಲ್ಲಿ ಹನ್ನೆರಡು ಬಾರದಿದ್ದರೆ ಉಳಿದದ್ದರಲ್ಲಿ ಎಷ್ಟು ಬಂದರೂ ಬಾಗಿಲು ಮುಚ್ಚಿದಂತೆ.

ತೊಂಬತ್ತೇಳನೇ ಇಸವಿಯಲ್ಲಿ ಅಂಬಾ ಮೊದಲ ಗದ್ಯದ ಐದೂ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದಳು. ಎರಡನೇ ಗದ್ಯದ ಮೊದಲ ಸಾಲು ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಆ ಶಾಲೆಯ ನಿಯಮದ ಪ್ರಕಾರ ಒಬ್ಬರಿಗೆ ಎರಡೇ ಅವಕಾಶ. ಉಳಿದದ್ದು ತೊಂಬತ್ತೆಂಟರ ಮೇ ತಿಂಗಳೊಂದೇ.

ಡಿಪೋದಲ್ಲಿ ಇಂಗ್ಲಿಷ್ ಪತ್ರಗಳನ್ನು ಬರೆಯುವವನು ನಾನು, ಜೊತೆಗೆ ನನ್ನ ಕೈಗಡಿಯಾರಕ್ಕೆ ಸೆಕೆಂಡಿನ ಮುಳ್ಳಿತ್ತು. ಹೀಗಾಗಿ ಜನವರಿಯಿಂದ ಪ್ರತಿ ಭಾನುವಾರ ನನ್ನನ್ನು ಆ ಮನೆಯಲ್ಲಿ ಪರೀಕ್ಷಾಧಿಕಾರಿಯಾಗಿ ಕೂರಿಸಲಾಯಿತು. ಮೊದಲ ದಿನವೇ ರೋಗ ಪತ್ತೆಯಾಯಿತು. ಗದ್ಯ ಸೊಳ್ಳೆಯ ಬಗ್ಗೆ. ಮೊದಲ ವಾಕ್ಯದ ಸಾರಾಂಶ ಇಷ್ಟೇ: ಸೊಳ್ಳೆ ನಿಂತ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಅಂಬಾ ಓದಿದಳು. ಮಂಚದ ಮೇಲಿದ್ದ ಹೊಳಬಸಪ್ಪನವರು ಕಣ್ಣು ಮುಚ್ಚಿ ಕೈ ಎತ್ತಿದರು.

"ತಡಿ. ನಿಂತ ನೀರು ಅಂದ್ರ ಏನು? ನೀರು ಯಾಕ ನಿಂತಿತು?"

ಬಾವಿ, ಕೆರೆ, ಹೊಂಡ, ಮಲಪ್ರಭೆಯ ಮಡು, ಮನುಷ್ಯನ ಮನಸ್ಸೂ ಒಂದು ನಿಂತ ನೀರೇ ಎಂಬಲ್ಲಿಗೆ ಬರುವಾಗ ನನ್ನ ಗಡಿಯಾರದಲ್ಲಿ ಇಪ್ಪತ್ತೆರಡು ನಿಮಿಷ ಕಳೆದಿತ್ತು. ಸೊಳ್ಳೆ ಪಾಪ ಇನ್ನೂ ಬಸುರಿ.

ಅಪ್ಪನನ್ನು ಹೊರಗೆ ಕಳಿಸಿದರೆ ಸರಿಹೋದೀತು ಎಂದುಕೊಂಡೆ. ಕಳಿಸಿದೆವು. ಆಗ ಗೊತ್ತಾಯಿತು, ಹುಡುಗಿ ಅಪ್ಪನನ್ನು ತಲೆಯೊಳಗೇ ಇಟ್ಟುಕೊಂಡು ಬಂದಿದ್ದಳು. ಹುಟ್ಟಿದಾಗಿನಿಂದ ಓದುವುದೆಂದರೆ ಹಾಗೆ ಎಂದೇ ನೋಡಿದವಳು. ಒಂದು ವಾಕ್ಯ ಓದುವುದು, ಸೂರನ್ನು ನೋಡುವುದು, ತುಟಿ ಅಲ್ಲಾಡಿಸುವುದು, ಮತ್ತೆ ಅದೇ ವಾಕ್ಯ. ನಾನು ಗಡಿಯಾರ ಬಡಿದೆ, ಮೇಜು ಬಡಿದೆ, ಒಂದು ದಿನ ಹಣೆಯನ್ನೂ ಬಡಿದುಕೊಂಡೆ. ಮಾರ್ಚ್ ಬಂದರೂ ಎರಡನೇ ಗದ್ಯದ ಗಡಿ ದಾಟಲಿಲ್ಲ. ಜೋರು ಮಾಡಿದರೆ ಅಂಬಾ ತಣ್ಣಗೆ ಹೇಳುತ್ತಿದ್ದಳು: "ಕಾಕಾ, ತಿಳೀಲಾರದ ಮುಂದ ಹ್ಯಾಂಗ ಹೋಗಲಿ?"

ಏಪ್ರಿಲ್ ಹೊತ್ತಿಗೆ ಅವಳ ಗಲ್ಲ ಇಳಿದಿತ್ತು. ಒಂದು ಮುಂಜಾನೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಈ ಸಲವೂ ಆಗದಿದ್ದರೆ ಹೊಲಿಗೆ ಕ್ಲಾಸಿಗೆ ಹೋಗುತ್ತೇನೆ ಎಂದಳಂತೆ. ಸಾವಂತ್ರವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ಕೆಳಗಿಳಿದು ನೆಲಮಹಡಿಯ ದೀಪಾಲಿಯನ್ನು ಕರೆತಂದರು. ದೀಪಾಲಿ ದೊಡ್ಡ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷ ದುಡಿದ ಸಿಸ್ಟರ್. ಮರಾಠಿಯವಳು. ರಾತ್ರಿ ಪಾಳಿ ಮುಗಿಸಿ ಬಂದು ಇನ್ನೂ ಚಹಾ ಕುಡಿದಿರಲಿಲ್ಲ, ಆದ್ದರಿಂದ ಯಾರಿಗೂ ಹೆದರುವ ಸ್ಥಿತಿಯಲ್ಲಿರಲಿಲ್ಲ.

ಅವಳು ನನ್ನ ಗದ್ಯಗಳ ಪುಸ್ತಕವನ್ನು ಮುಟ್ಟಲೇ ಇಲ್ಲ. ಆಸ್ಪತ್ರೆಯ ಹಳೆಯ ಕಾಗದ ಏನಾದರೂ ಇದೆಯೇ ಎಂದು ಕೇಳಿದಳು. ಹೊಳಬಸಪ್ಪನವರು ಏನನ್ನೂ ಎಸೆಯುವವರಲ್ಲ. ಟ್ರಂಕಿನಿಂದ ತಮ್ಮ ಹರ್ನಿಯಾದ ಫೈಲನ್ನು ಹೆಮ್ಮೆಯಿಂದ ತಂದುಕೊಟ್ಟರು. ಇಪ್ಪತ್ತಾರು ಹಾಳೆ. ದೀಪಾಲಿ ಅದನ್ನು ಅಂಬಾಳ ಮುಂದೆ ಇಟ್ಟು ಕೇಳಿದಳು, ಈ ರೋಗಿಗೆ ಯಾವ ಔಷಧಿ ಕೊಡಬಾರದು?

ಅಂಬಾ ಮೊದಲ ಹಾಳೆ ತೆರೆದು ಅಪ್ಪನ ಹೆಸರು, ವಯಸ್ಸು, ವಿಳಾಸ ಓದತೊಡಗಿದಳು. ಹೊಳಬಸಪ್ಪನವರು ಕುರ್ಚಿ ಹತ್ತಿರ ಎಳೆದರು. ಅಡ್ಮಿಟ್ ಆದ ದಿನ ಸ್ವಾರಗೇಟಿನಲ್ಲಿ ರಿಕ್ಷಾ ಸಿಕ್ಕಿರಲಿಲ್ಲವೆಂದೂ, ಸಿಕ್ಕ ರಿಕ್ಷಾದವನು ನಿಪ್ಪಾಣಿಯವನೆಂದೂ, ಅವನ ತಂಗಿಯನ್ನು...

"ಬಾಬಾ," ಎಂದಳು ದೀಪಾಲಿ ಮರಾಠಿಯಲ್ಲಿ, ಬಹಳ ಮೆತ್ತಗೆ. "ಇಷ್ಟರಲ್ಲಿ ಕೊಡಬಾರದ ಔಷಧಿ ಕೊಟ್ಟಾಯಿತು. ನೀವು ಹೋಗಿಬಿಟ್ಟಿರಿ."

ಹೊಳಬಸಪ್ಪನವರ ಬಾಯಿ ತೆರೆದೇ ಉಳಿಯಿತು. ಒಳಗಿನಿಂದ ಬಂದ ಅರ್ಥ ಹಲ್ಲಿಗೆ ತಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಇಪ್ಪತ್ತು ಶ್ರಾವಣಗಳಲ್ಲಿ ಯಾವ ವೀರನೂ ಮಾಡಲಾಗದ ಕೆಲಸ ಅದು.

ದೀಪಾಲಿ ಒಂಬತ್ತನೇ ಹಾಳೆ ಮಗುಚಿದಳು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಸಲ್ಫಾ ಔಷಧಿ ಕೊಡಕೂಡದು ಎಂದು ಬರೆದಿತ್ತು. ಡಾಕ್ಟರು ಏನು ಕೇಳುತ್ತಾರೋ ಅದನ್ನು ಹುಡುಕು ಎಂದಳು ಅಂಬಾಳಿಗೆ. ಮೊದಲು ಪ್ರಶ್ನೆ ನೋಡು, ಕಣ್ಣನ್ನು ಹಾಳೆಯ ಮೇಲೆ ಓಡಿಸು, ಸಿಕ್ಕೊಡನೆ ಬೆರಳಿಡು. ಮಿಕ್ಕದ್ದನ್ನು ಪಿಂಚಣಿ ಬಂದ ಮೇಲೆ ಓದುವಿಯಂತೆ. ಇಷ್ಟು ಹೇಳಿ ಅವಳು ಚಹಾಕ್ಕೆ ಹೋದಳು.

"ಮೊದಲಿಗೆ ಪ್ರಶ್ನಿ ಓದೂದು ಅಂದ್ರ, ಪುರಾಣಾ ಬಿಟ್ಟು ಫಲಶ್ರುತಿ ಓದಿದಂಗ ಆತಲ್ಲ?" ಎಂದು ಹೊಳಬಸಪ್ಪನವರು ನನ್ನನ್ನು ಕೇಳಿದರು.

"ಫಲಾ ಬೇಕಾಗೇದ ಹುಡುಗಿಗೆ," ಎಂದರು ಸಾವಂತ್ರವ್ವ.

ಆಮೇಲಿನ ಐದು ವಾರ ಹೊಳಬಸಪ್ಪನವರಿಗೆ ವನವಾಸ. ಮಗಳು ಓದುವಾಗ ಅವರು ಹೊರಗಿನ ಗ್ಯಾಲರಿಯಲ್ಲಿ ಒಣಹಾಕಿದ ಧೋತರಗಳ ನಡುವೆ ಕೂರಬೇಕಿತ್ತು. ಕಿಟಕಿಯಿಂದ ಅವರ ಕೆಮ್ಮು ಮಾತ್ರ ಒಳಗೆ ಬರುತ್ತಿತ್ತು, ಪ್ರತಿ ಕೆಮ್ಮಿನಲ್ಲೂ ಒಂದೊಂದು ಅರ್ಥ ಸತ್ತಂತೆ. ಕೂಡಿಟ್ಟದ್ದನ್ನೆಲ್ಲ ಅವರು ಲೋಕಲ್ಲಿನಲ್ಲಿ ಹೊರಹಾಕುತ್ತಿದ್ದರು. ಬಾಗಿಲಲ್ಲಿ ನಿಲ್ಲಬೇಡಿ ಎಂಬ ಮರಾಠಿ ಫಲಕದ ಮೇಲೆ ಶಿವಾಜಿನಗರದಿಂದ ಚಿಂಚವಡದವರೆಗೆ ಅರ್ಥ ಹೇಳಿದ್ದನ್ನು ಕೇಳಿದವರು ಆಮೇಲೆ ಬಾಗಿಲಲ್ಲೇ ನಿಲ್ಲತೊಡಗಿದರು, ಬೇಗ ಇಳಿಯಲು ಅನುಕೂಲ ಎಂದು. ಇತ್ತ ಅಂಬಾ ಎರಡು ಗದ್ಯ ಮುಗಿಸಿದಳು, ಆಮೇಲೆ ಮೂರು. ಮೇ ಮೊದಲ ವಾರ ನಾಲ್ಕೂ ಮುಗಿದು ನನ್ನ ಗಡಿಯಾರದಲ್ಲಿ ಒಂದೂವರೆ ನಿಮಿಷ ಉಳಿಯಿತು. ನಾನು ಗಡಿಯಾರ ನಿಂತಿದೆಯೇ ಎಂದು ಕಿವಿಗೆ ಹಿಡಿದು ನೋಡಿದೆ.

ಪರೀಕ್ಷೆ ಶಿವಾಜಿನಗರದ ಒಂದು ಕಾಲೇಜಿನಲ್ಲಿ. ಹೊಳಬಸಪ್ಪನವರು ರಜೆ ಹಾಕಿ, ನನಗೂ ಹಾಕಿಸಿ, ಗೇಟಿನ ಹೊರಗೆ ಮರದ ಕೆಳಗೆ ನಿಂತರು. ಮೂರು ತಾಸು ಒಂದು ಮಾತೂ ಆಡಲಿಲ್ಲ. ನನಗೆ ಗಾಬರಿಯಾಗಿ ಎರಡು ಸಲ ನೀರು ಕುಡಿಸಿದೆ. ಅಂಬಾ ಹೊರಬಂದು, ಓದಿನ ಭಾಗದ ಇಪ್ಪತ್ತಕ್ಕೆ ಇಪ್ಪತ್ತೂ ಬರೆದೆ ಎಂದಳು. ಅವರು ಮಗಳ ತಲೆಯ ಮೇಲೆ ಕೈ ಇಟ್ಟರು. ಕೈ ಇನ್ನೂ ಅಲ್ಲೇ ಇರುವಾಗ ಕೇಳಿದರು:

"ಗದ್ಯದಾಗ ಏನಿತ್ತವ್ವಾ?"

"ಒಂದರಾಗ ಒಬ್ಬ ಮುದುಕಾ ಇದ್ದ. ಬಿರುಗಾಳಿಯೊಳಗ ದೋಣಿ ಬಿಟ್ಕೊಂಡು ಹೊಂಟಿದ್ದ."

"ದಂಡಿ ಮುಟ್ಟಿದನೋ ಇಲ್ಲೋ?"

"ಅದನ್ನ ಕೇಳಿರಲಿಲ್ರಿ ಅಪ್ಪಾ."

ಕೇಳಿದ್ದು ದೋಣಿಯ ಬಣ್ಣ, ಮುದುಕನ ವಯಸ್ಸು, ಜೊತೆಗೆ ಒಯ್ದ ವಸ್ತು, ಹೊರಟ ವಾರ, ಮತ್ತೊಂದು ಏನೋ. ಬೆರಳಿಟ್ಟಳು, ಬರೆದಳು, ಮುಂದಿನದಕ್ಕೆ ಹೋದಳು. ಬಸ್ಸಿನಲ್ಲಿ ಬಿಬವೇವಾಡಿ ಮುಟ್ಟುವವರೆಗೂ ಹೊಳಬಸಪ್ಪನವರು ಚಡಪಡಿಸಿದರು. ಮುಳುಗುವ ಮನುಷ್ಯನ ದೋಣಿಯ ಬಣ್ಣ ಕೇಳುವ ಇವರು ಎಂಥ ಜನ? ಯಾಕೆ ಹೊರಟಿದ್ದ, ಮನೆಯಲ್ಲಿ ಯಾರಿದ್ದರು? ಪ್ರಶ್ನೆಪತ್ರಿಕೆಯನ್ನು ವಾಪಸು ತೆಗೆದುಕೊಂಡಿದ್ದರು, ನೋಡಲೂ ದಾರಿಯಿಲ್ಲ.

ಜೂನಿನಲ್ಲಿ ಶಾಲೆಯ ಫಲಕದ ಮೇಲೆ ಪಟ್ಟಿ ಹಚ್ಚಿದರು. ಅಂಬಾ ಒಂಬತ್ತನೆಯವಳು, ಓದಿನಲ್ಲಿ ಹದಿನೇಳು. ಹೊಳಬಸಪ್ಪನವರು ಹೆಸರಿನ ಮೇಲೆ ಬೆರಳಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಬೆರಳಿಟ್ಟರು. ಸೀಟು ಸಿಕ್ಕಿತ್ತು. ಅಂದು ಸಂಜೆ ಪೇಢೆ ಹಂಚುತ್ತ ಬಂದವರು ನನ್ನ ಬಾಗಿಲಲ್ಲಿ ದನಿ ತಗ್ಗಿಸಿ ಹೇಳಿದರು: "ಎಲ್ಲಾ ಆತರಿ. ಆ ಮುದುಕಾ ಮಾತ್ರ ಜೀವಾ ತಿನ್ನಾಕತ್ತಾನ."

ಅಂಬಾ ಹಾಸ್ಟೆಲಿಗೆ ಹೋದಳು. ಶ್ರಾವಣ ಬಂತು. ಎರಡನೇ ಪದ್ಯದಲ್ಲಿ ಎಲ್ಲೋ ಒಂದು ಹೊಳೆ ಇದ್ದದ್ದೇ ನೆವವಾಗಿ, ಹೊಳಬಸಪ್ಪನವರು ಮುದುಕನನ್ನು ದೋಣಿ ಸಮೇತ ಪುರಾಣಕ್ಕೆ ಇಳಿಸಿದರು. ಕೆಳಗೆ ಗಿರಣಿ ಗರಗರ ಎನ್ನುತ್ತಿತ್ತು, ಮೇಲೆ ಬಿರುಗಾಳಿ. ಹತ್ತು ದಿನವಾದರೂ ಮುದುಕ ನಡುನೀರಿನಲ್ಲೇ ಇದ್ದ. ಹೆಂಗಸರು ಅವನ ಹೆಸರಿನಲ್ಲಿ ಕಾಯಿ ಒಡೆಸಲು ಶುರುಮಾಡಿದ್ದರು.

ಆ ಭಾನುವಾರ ಮಧ್ಯಾಹ್ನ ಅಂಬಾ ರಜೆಯಲ್ಲಿ ಬಂದು ಹಾಲ್‌ನ ಹಿಂದಿನ ಸಾಲಿನಲ್ಲಿ ಅವ್ವನ ಪಕ್ಕ ಕೂತಳು. ಏಳಕ್ಕೆ ಹಾಸ್ಟೆಲಿನ ಗೇಟು ಮುಚ್ಚುತ್ತಿತ್ತು. ಅವಳು ಗಡಿಯಾರ ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪ ಆಗ ಅಲೆ ಎಂದರೇನು ಎಂದು ವಿಚಾರಿಸುತ್ತಿದ್ದರು. ಆರಕ್ಕೆ ಸರಿಯಾಗಿ ಅವಳು ಎದ್ದು ನಿಂತಳು. ಪುರಾಣದ ನಡುವೆ ಎದ್ದು ನಿಂತು ಮಾತಾಡಿದವರು ಆ ಹಾಲ್‌ನಲ್ಲಿ ಅದುವರೆಗೆ ಯಾರೂ ಇರಲಿಲ್ಲ.

"ಅಪ್ಪಾ, ನಂದು ಹೊತ್ತಾತು. ಮುದುಕಾ ದಂಡಿ ಮುಟ್ಟಿದನೋ ಇಲ್ಲೋ, ಅಷ್ಟ ಹೇಳ್ರಿ."

ಹೊಳಬಸಪ್ಪನವರು ಮಗಳ ಕಡೆ ನೋಡಿದರು. ಗಂಟಲಲ್ಲಿ ಎಷ್ಟು ಹೊಳೆ, ಎಷ್ಟು ಮಳೆ ತಡೆದುಕೊಂಡರೋ.

"ಮುಟ್ಟಿದ," ಎಂದರು.

ಅಂಬಾ ಕೈಮುಗಿದು ಮೆಟ್ಟಿಲಿಳಿದು ಬಸ್ಸಿಗೆ ಓಡಿದಳು. ನಾವೂ ನಿಟ್ಟುಸಿರು ಬಿಟ್ಟು ಎದ್ದೆವು, ಚಪ್ಪಲಿಗೆ ಕಾಲು ಚಾಚಿದೆವು.

"ಕೂಡ್ರಿ, ಕೂಡ್ರಿ," ಎಂದರು ಹೊಳಬಸಪ್ಪನವರು ನಮಗೆ, ಶಾಲು ಸರಿಮಾಡಿಕೊಳ್ಳುತ್ತ. "ಆ ದೋಣಿ ಯಾವ ಗಿಡದ್ದು ಅನ್ನೋದು ಇನ್ನೂ ಹೇಳಿಲ್ಲ."