ಮೂರನೆಯ ಅಧ್ಯಾಯದ ಉಪ್ಪಿನಕಾಯಿ

ಆತ್ಮಕಥೆ ಬರೆಯುವವನು ಸತ್ಯವೊಂದಕ್ಕೇ ತಲೆಬಾಗಬೇಕೆಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದವರು ಯಾರೂ ತಮ್ಮ ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟು, ನಾಶಿಕದಿಂದ ಸಂಭಾಜಿನಗರದವರೆಗೆ ಬಸ್ಸಿನಲ್ಲಿ ಅವಳ ಪಕ್ಕ ಕೂತು ಹೋಗಿರಲಿಕ್ಕಿಲ್ಲ.

ನಾನು ಬಾಗಲಕೋಟೆ ಕಡೆಯವನು. ನಾಶಿಕದ ಮರಾಠಿ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತನಾದೆ. ನಿವೃತ್ತನಾದವನು ಸುಮ್ಮನಿರದೆ ಆ ಬದುಕನ್ನು ಕನ್ನಡದಲ್ಲಿ ಬರೆದು ಅಚ್ಚು ಹಾಕಿಸಿದೆ. ಸಂಭಾಜಿನಗರದ ಕನ್ನಡಿಗರು ನಡೆಸುವ ಪುಟ್ಟ ಗ್ರಂಥಾಲಯದವರು ಪುಸ್ತಕಕ್ಕೊಂದು ಕಾರ್ಯಕ್ರಮ ಇಟ್ಟುಕೊಂಡರು. ಸತ್ಕಾರ ಮಾತ್ರ ಜೋಡಿಯಾಗಿಯೇ ಎಂದು ಫೋನಿನಲ್ಲಿ ಅಪ್ಪಣೆಯಾಯಿತು. ಗಂಡನಿಗೆ ಶಾಲು, ತೆಂಗಿನಕಾಯಿ. ಹೆಂಡತಿಗೆ ಕುಪ್ಪಸದ ಖಣ, ಕುಂಕುಮ. ಈ ಕಡೆ ಒಬ್ಬನನ್ನೇ ನಿಲ್ಲಿಸಿ ಸತ್ಕರಿಸಿದರೆ ಅರ್ಧ ಊಟ ಬಡಿಸಿ ಎಬ್ಬಿಸಿದಂತೆ.

ಅಚ್ಚಾಗಲಿ, ಆಮೇಲೆ ನೋಡಿದರಾಯಿತು ಎನ್ನುತ್ತಿದ್ದ ನನ್ನ ಹೆಂಡತಿ ಪುಸ್ತಕ ಬಿಚ್ಚಿದ್ದೇ ಬಸ್ಸಿನಲ್ಲಿ. ಯೇವಲಾ ಬರುವಷ್ಟರಲ್ಲಿ ಮೂರನೆಯ ಅಧ್ಯಾಯ ಮುಗಿಸಿ, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಪೈಠಣಿ ಸೀರೆಯ ಅಂಗಡಿಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪ್ರಕರಣ ಗಂಭೀರವಾಗಿದೆ ಎಂದು ನನಗೆ ತಿಳಿದದ್ದು ಆಗ.

ಆ ಅಧ್ಯಾಯದಲ್ಲಿ ನಾನು ಹೊಸದಾಗಿ ನೌಕರಿಗೆ ಸೇರಿದ್ದೇನೆ. ನನ್ನ ಮರಾಠಿಗೆ ಮಕ್ಕಳು ನಗುತ್ತಾರೆ. ಊರಿಗೆ ಮರಳಬೇಕೆಂದಿರುವಾಗ ಅವೇ ಮಕ್ಕಳ ಕಣ್ಣಲ್ಲಿ ಕರ್ತವ್ಯದ ಕರೆ ಕಂಡು ನಿಂತುಬಿಡುತ್ತೇನೆ. ಬರೆದಾದ ಮೇಲೆ ನಾನೇ ಎರಡು ಸಲ ಓದಿಕೊಂಡಿದ್ದೆ.

“ಕರ್ತವ್ಯ ಕರೀತೇನ್ರಿ ನಿಮ್ಮನ್ನ?” ಎಂದಳು. “ಟ್ರಂಕ್ ಕಟ್ಟಿ ಬಾಗಲಾಗ ಇಟ್ಟಿದ್ರಿ. ತಡದಾಕಿ ನಾನು.”

ಅದು ನಿಜ. ಆಗಷ್ಟೇ ಅವಳು ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಳು. ಮಾಗುವ ಮೊದಲೇ ಭರಣಿಯನ್ನು ಬಸ್ಸಿನಲ್ಲಿ ಕುಲುಕಿಸಲು ಸಾಧ್ಯವಿಲ್ಲ, ಬೇಕಾದರೆ ಮಾಗಿದ ಮೇಲೆ ಹೋಗೋಣ ಎಂದಳು. ಅದು ಮಾಗುವಷ್ಟರಲ್ಲಿ ನಾನು ಮರಾಠಿಯಲ್ಲಿ ಬೈಯುವುದನ್ನು ಕಲಿತಿದ್ದೆ. ಮಕ್ಕಳು ನಗುವುದನ್ನು ಬಿಟ್ಟಿದ್ದರು. ಮತ್ತೆ ಟ್ರಂಕಿನ ಮಾತು ಬರಲಿಲ್ಲ.

ಉಪ್ಪಿನಕಾಯಿ ಸಾಹಿತ್ಯದಲ್ಲಿ ಶೋಭಿಸುವುದಿಲ್ಲ, ಅಲ್ಲದೆ ಲೇಖಕನ ಅರಿಕೆಯಲ್ಲಿ ಧರ್ಮಪತ್ನಿಯ ಸಹಕಾರವನ್ನು ನೆನೆದಿದ್ದೇನೆ ಎಂದು ವಾದಿಸಿದೆ.

“ಈ ಪುಸ್ತಕದಾಗ ನಾ ಇಲ್ಲ. ಇಲ್ಲದಾಕಿ ಸತ್ಕಾರಕ್ಕ ಯಾಕ ಬರ್ಲಿ? ನೀವ ಹೋಗ್ರಿ ಮ್ಯಾಲೆ. ನಾ ಕೆಳಗ ಕೂಡ್ತೀನಿ.”

ಗ್ರಂಥಾಲಯದಲ್ಲಿ ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ವರ್ಗವಾಗಿ ಬಂದ ಬ್ಯಾಂಕಿನವರು, ಚಿಕಲಠಾಣಾದ ಕಾರ್ಖಾನೆಯವರು, ಹಿಂದಿನ ಸಾಲಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿ ಕಡೆಯ ಎರಡು ಸಂಸಾರ. ಅಧ್ಯಕ್ಷರು ಪುಸ್ತಕವನ್ನು ಬಾಯ್ತುಂಬ ಹೊಗಳಿದರು; ಓದಿಲ್ಲವೆಂದು ಅದರಿಂದಲೇ ಗೊತ್ತಾಯಿತು. ಆಮೇಲೆ ದಂಪತಿಗಳನ್ನು ಕರೆದರು. ನಾನೊಬ್ಬನೇ ಎದ್ದೆ. ಅವಳು ತೊಡೆಯ ಮೇಲಿನ ಚೀಲ ಸರಿಮಾಡಿಕೊಂಡಳು. ಅಧ್ಯಕ್ಷರು ಮತ್ತೊಮ್ಮೆ ಕರೆದು, ಕೊನೆಗೆ ನನಗಷ್ಟೇ ಶಾಲು ಹೊದಿಸಿದರು. ಕುಂಕುಮದ ತಾಟು ಹಿಡಿದಿದ್ದ ಹೆಣ್ಣುಮಗಳು ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ತಾಟಿನ ಭಾರವನ್ನು ಇನ್ನೊಂದು ಕೈಗೆ ಬದಲಿಸಿದಳು.

ಒಂದು ಪುಟ ಓದಿರೆಂದರು. ಗುರುತು ಹಾಕಿ ತಂದದ್ದು ಮೂರನೆಯ ಅಧ್ಯಾಯವೇ. ಕರ್ತವ್ಯದ ಕರೆಯವರೆಗೆ ಓದಿ ನಿಲ್ಲಿಸಿದೆ. ಕಂಕುಳಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೇಳಿದೆ: “ಇಲ್ಲಿ ಒಂದು ಮಾತು ಬಿಟ್ಟುಹೋಗಿದೆ. ನನ್ನನ್ನು ನಿಲ್ಲಿಸಿದ್ದು ಕರ್ತವ್ಯವಲ್ಲ. ನನ್ನ ಹೆಂಡತಿ ಮತ್ತು ಅವಳ ಒಂದು ಭರಣಿ ಉಪ್ಪಿನಕಾಯಿ.”

ಜನ ನಕ್ಕರು. ಎರಡನೆಯ ಸಾಲಿನಿಂದ ಅವಳ ಧ್ವನಿ ಬಂತು. “ಒಂದಲ್ರಿ, ಎರಡು ಭರಣಿ.”

ತಾಟಿನ ಹೆಣ್ಣುಮಗಳು ಮೇಲೆ ಬಂದು ಹೇಳಿರೆಂದಳು. ನನ್ನ ಹೆಂಡತಿ ಎದ್ದು ಬಂದಳು. ಕುಂಕುಮ ಹಚ್ಚಿಸಿಕೊಂಡು ಮೈಕು ತೆಗೆದುಕೊಂಡಳು. ಟ್ರಂಕು, ಭರಣಿ, ನನ್ನ ಮೊದಲ ಮರಾಠಿ ಬೈಗುಳ ಎಲ್ಲವನ್ನೂ ಹೇಳಿದಳು. ನನ್ನ ಅಧ್ಯಾಯಕ್ಕಿಂತ ಚೆನ್ನಾಗಿತ್ತು. ಉಪ್ಪಿನಕಾಯಿ ಕೆಡಲಿಲ್ಲವೇ ಎಂದು ಹಿಂದಿನ ಸಾಲಿನ ಹೆಂಗಸು ಕೇಳಿದಳು.

“ವರ್ಷಪೂರ್ತಿ ಬಂತವಾ.”

ಪುಸ್ತಕ ಎರಡನೆಯ ಮುದ್ರಣ ಕಾಣಲಿಲ್ಲ. ಗ್ರಂಥಾಲಯದ ಪ್ರತಿಯಲ್ಲಿ ಮೂರನೆಯ ಅಧ್ಯಾಯದ ಅಂಚಿಗೆ ಎರಡು ಭರಣಿಯ ಸಂಗತಿಯನ್ನು ಪೆನ್ನಿನಲ್ಲಿ ಬರೆದು ಸಹಿ ಹಾಕಿ ಬಂದಿದ್ದೇನೆ.