ರೈಟರ್ ಹೇಳಿದ್ದು ತಪ್ಪು

ನಾನು ಮೂಡಿಗೆರೆಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದಾಗ ಪರೀಕ್ಷೆ ನಡೆಸುವ ಮಹನೀಯರಿಗೆ ಹೊಸದೊಂದು ಜ್ಞಾನೋದಯವಾಯಿತು. ಒಂದು ವಿಷಯದ ಮೇಲೆ ಎರಡು ಲೇಖನ ಕೊಡುತ್ತಾರೆ. ಮಕ್ಕಳು ಅವನ್ನು ಓದಿ, ಯಾವುದು ಸರಿ, ಯಾವುದು ತಪ್ಪು ಎಂದು ಆಧಾರ ಸಮೇತ ವಾದಿಸಿ ಪ್ರಬಂಧ ಬರೆಯಬೇಕು. ಅವಧಿ ಮುಕ್ಕಾಲು ಗಂಟೆ. ದೊಡ್ಡವರಿಗೆ ಎದುರು ಮಾತಾಡಿದರೆ ಏಟು ತಿನ್ನುವ ಮಕ್ಕಳನ್ನು ವಕೀಲರನ್ನಾಗಿ ಮಾಡುವ ಪುಣ್ಯ ನನ್ನ ಪಾಲಿಗೆ ಬಂತು.

ಮೊದಲ ಅಭ್ಯಾಸದಲ್ಲಿ ಇಡೀ ತರಗತಿ ಒಂದೇ ಉತ್ತರ ಬರೆಯಿತು: 'ರೈಟರ್ ಹೇಳಿದ್ದು ಸರಿ.' ಪ್ರಶ್ನೆಯಲ್ಲಿದ್ದ ರೈಟರ್ ಎಂದರೆ ಲೇಖಕ. ಮಕ್ಕಳಿಗೋ, ರೈಟರ್ ಎಂದರೆ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರು. ಇಷ್ಟು ತಿಳಿಯಲು ನನ್ನಂಥ ಪಂಡಿತನಿಗೆ ಒಂದು ವಾರ ಹಿಡಿಯಿತು.

ಅರ್ಥ ಬಿಡಿಸಿ ಹೇಳಿದೆ. ಬಾಳೂರು ಕಡೆಯ ಎಸ್ಟೇಟಿನ ಹುಡುಗಿಯೊಬ್ಬಳು ಎದ್ದು ನಿಂತಳು. ಪಾಸಾದರೆ ಚಿಕ್ಕಮಗಳೂರಿನ ಹೈಸ್ಕೂಲು, ಇಲ್ಲವಾದರೆ ಅವ್ವನ ಜೊತೆ ಕಾಫಿ ಕುಯ್ಯುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ನಮ್ ರೈಟ್ರ ವಿಷ್ಯ ಆಧಾರ ಅಂತ ಕೊಡ್ಬೌದಾ ಸಾರ್?"

"ಕೊಡು. ಯಾರಿಗೂ ಹೆದರ್ಬೇಡ" ಎಂದೆ. ಹೆದರಬೇಕಾದವನು ನಾನಲ್ಲವಲ್ಲ.

ಆಳುಗಳು ಸೋಮಾರಿಗಳು, ಕಾವಲಿಲ್ಲದೆ ದುಡಿಯುವುದಿಲ್ಲ ಎಂದು ಮುಂದಿನ ಅಭ್ಯಾಸದ ಒಂದು ಲೇಖನ ಹೇಳುತ್ತಿತ್ತು. ಹುಡುಗಿ ಬರೆದಳು: 'ಇದು ತಪ್ಪು. ನಮ್ಮ ರೈಟರ್ ಬರುವುದು ಹತ್ತು ಗಂಟೆಗೆ. ಅಷ್ಟರಲ್ಲಿ ಅವ್ವ ಒಂದು ಬುಟ್ಟಿ ಹಣ್ಣು ಕುಯ್ದಿರುತ್ತಾಳೆ. ಆದರೂ ಅವರು ಅವಳಿಗೆ ಬರೆಯುವುದು ಅರ್ಧ ದಿನದ ಹಾಜರಿ.' ನಾನು ಉಬ್ಬಿಹೋದೆ. ಅದನ್ನು ಕನ್ನಡಕ್ಕೆ ತಿರುಗಿಸಿ ಶಾಲೆಯ ವಾರ್ಷಿಕೋತ್ಸವದಲ್ಲಿ ರಾಗವಾಗಿ ಓದಿದೆ. ಮುಂದಿನ ಕುರ್ಚಿಯಲ್ಲಿ ಅದೇ ರೈಟರು ಹಾರ ಹಾಕಿಸಿಕೊಂಡು ಕೂತಿದ್ದರು.

ಮಾರನೆಯ ದಿನ ಅವಳ ಅವ್ವನಿಗೆ ಕೆಲಸವಿಲ್ಲ ಎಂದರು.

ಹುಡುಗಿಯನ್ನು ಕರೆದುಕೊಂಡು ರೈಟರ ಮನೆಗೆ ಹೋದೆ. ಆಧಾರವಿಲ್ಲದೆ ಮಾತಾಡಬಾರದೆಂದು ವರ್ಷವೆಲ್ಲ ಬೋಧಿಸಿದ ನಾನು ಅವರ ಜಗಲಿಯಲ್ಲಿ ಕೈಮುಗಿದು ಹೇಳಿದೆ: "ಮಗು ತಿಳೀದೆ ಬರ್ದಿದೆ ಸ್ವಾಮಿ. ಎಲ್ಲ ಸುಳ್ಳು." ಪಕ್ಕದಲ್ಲಿದ್ದ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ರೈಟರು ದೊಡ್ಡ ಮನಸ್ಸು ಮಾಡಿದರು. ಅವ್ವನಿಗೆ ಕೆಲಸ ಸಿಕ್ಕಿತು. ವ್ಯವಹಾರ ಚತುರನೆಂದು ಹೆಡ್‌ಮಾಸ್ತರರು ನನ್ನನ್ನು ಹೊಗಳಿದರು.

ಪರೀಕ್ಷೆಯ ದಿನ ಅವಳು ಐದೇ ನಿಮಿಷಕ್ಕೆ ಹೊರಗೆ ಬಂದಳು. ಇನ್ನೂ ನಲವತ್ತು ನಿಮಿಷವಿದೆಯಲ್ಲ, ಏನು ಬರೆದೆ ಎಂದು ಗದರಿದೆ.

"ನೀವು ಅವತ್ತು ಜಗಲೀಲಿ ಹೇಳ್ದಂಗೇ ಬರ್ದೆ ಸಾರ್. ರೈಟ್ರು ಹೇಳಿದ್ದೇ ಸರಿ ಅಂತ."